ಅರ್ಧಕ್ಕೆ ನಿಂತ ಕೆಲಸಗಳು ಅಲ್ಲೇ ಯಾಕೆ ನಿಲ್ಲುತ್ತವೆ?

ಮೈ ಭಾಗ ಪೂರ್ತಿ ಹೆಣೆದಾಗಿದೆ, ತೋಳು ಮಾತ್ರ ಬಾಕಿ ಇರುವ ಸ್ವೆಟರ್. ಮೂರು ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಕಲಿತ ಮೇಲೆ ಮೂಲೆ ಸೇರಿದ ಗಿಟಾರ್. ಜನವರಿಯಲ್ಲಿ ಶುರುವಾಗಿ ಜನವರಿಯಲ್ಲೇ ನಿಂತ ಡೈರಿ. ಕಂಪ್ಯೂಟರಿನಲ್ಲಿ ‘ಹೊಸದು’, ‘ಹೊಸದು-2’, ‘ಹೊಸದು-ಫೈನಲ್’ ಎಂಬ ಹೆಸರಿನ ಫೋಲ್ಡರುಗಳು. ಇಂಥದ್ದು ಒಂದೂ ಇಲ್ಲದವರು ಸಿಗುವುದು ಅಪರೂಪ. ಯಾಕೆ ಹೀಗಾಯಿತು ಅಂತ ಕೇಳಿದರೆ ಉತ್ತರ ನಾಲಗೆ ತುದಿಯಲ್ಲೇ ಇರುತ್ತದೆ: ಸೋಮಾರಿತನ. ಬೇರೆಯವರ ವಿಷಯವಾದರೆ ಇನ್ನೂ ಸುಲಭ, ಆರಂಭಶೂರ ಅಂದುಬಿಟ್ಟರೆ ಮುಗಿಯಿತು.

ಈ ಉತ್ತರ ಲೆಕ್ಕಕ್ಕೆ ಕೂರುವುದಿಲ್ಲ. ಗಿಟಾರ್ ಬಿಟ್ಟ ಅದೇ ಮನುಷ್ಯ ಕಚೇರಿಯ ವರದಿಯನ್ನು ಹೇಳಿದ ದಿನಕ್ಕೆ ಕೊಡುತ್ತಾನೆ, ಕರೆಂಟ್ ಬಿಲ್ ಮರೆಯದೆ ಕಟ್ಟುತ್ತಾನೆ. ಸೋಮಾರಿತನ ಸ್ವಭಾವವೇ ಆಗಿದ್ದರೆ ಎಲ್ಲ ಕಡೆಯೂ ಕಾಣಬೇಕಿತ್ತು. ಸ್ವಂತ ಇಷ್ಟದಿಂದ ಹಿಡಿದ ಕೆಲಸದಲ್ಲೇ ಅದು ಹೆಚ್ಚು ಕಾಣುವುದು ಯಾಕೆ? ಕೇಳುವವರಿಲ್ಲ, ಗಡುವಿಲ್ಲ, ಅದಕ್ಕೇ ಎನ್ನಬಹುದು. ಅದೂ ನಿಜವೇ. ಆದರೆ ಅಷ್ಟೇ ಆಗಿದ್ದರೆ ಇಂಥ ಕೆಲಸಗಳು ಎಲ್ಲಿ ಬೇಕೆಂದರಲ್ಲಿ ನಿಲ್ಲಬೇಕಿತ್ತು. ಅವು ಹಾಗೆ ನಿಲ್ಲುವುದಿಲ್ಲ. ಸ್ವೆಟರ್ ನಿಲ್ಲುವುದು ತೋಳಿನ ಹತ್ತಿರ. ಗಿಟಾರ್ ನಿಲ್ಲುವುದು ತೋರುಬೆರಳನ್ನು ಅಡ್ಡಲಾಗಿಟ್ಟು ಎಲ್ಲ ತಂತಿಗಳನ್ನೂ ಒತ್ತಬೇಕಾದ ಕಾರ್ಡ್ ಎದುರಾದಾಗ. ಕಾದಂಬರಿ ಬರೆಯಲು ಹೊರಟವರ ಕಥೆ ಮೂರನೇ ಅಧ್ಯಾಯದ ಆಸುಪಾಸಿನಲ್ಲಿ. ನಿಲ್ಲುವ ಜಾಗಕ್ಕೂ ಒಂದು ಲೆಕ್ಕವಿದೆ.

ನನಗೆ ಕಂಡ ಹಾಗೆ ಆ ಲೆಕ್ಕ ಇಷ್ಟು: ನಾವು ಶುರು ಮಾಡುವ ಕೆಲಸ ಬೇರೆ, ಮುಗಿಸಬೇಕಾದ ಕೆಲಸ ಬೇರೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಬೇರೆಯವರ ಸುಖದ ಬಗ್ಗೆ ಹೇಳುವುದೇ ಹೆಚ್ಚು. ಅದು ನಮ್ಮ ನಾಳೆಗಳಿಗೂ ಅಷ್ಟೇ ಸಲ್ಲುತ್ತದೆ. ಇವತ್ತು ಇಲ್ಲಿ ನಿಂತು ನೋಡಿದರೆ ಮುಂದಿನ ತಿಂಗಳ ಕೆಲಸ ನುಣ್ಣಗೇ ಇರುತ್ತದೆ. ಕಲ್ಲುಮುಳ್ಳು ಕಾಣುವುದು ಬುಡಕ್ಕೆ ಹೋದ ಮೇಲೆ.

ಅಂದಾಜು ತಪ್ಪುವ ಬಗೆ

ಒಂದನ್ನು ಹತ್ತಿರದಿಂದ ನೋಡೋಣ. ಅಲ್ಪಸ್ವಲ್ಪ ಪ್ರೋಗ್ರಾಮಿಂಗ್ ಬಲ್ಲ ಒಬ್ಬರು ತಮ್ಮ ಖರ್ಚು ಬರೆದಿಡಲು ಚಿಕ್ಕದೊಂದು ಆ್ಯಪ್ ಮಾಡಿಕೊಳ್ಳಲು ಕೂರುತ್ತಾರೆ. ತಲೆಯಲ್ಲಿರುವ ಚಿತ್ರ ಸರಳ: ಮೊತ್ತ ಹಾಕಬೇಕು, ಬಟನ್ ಒತ್ತಬೇಕು, ಕೆಳಗೆ ಪಟ್ಟಿ ಬರಬೇಕು. ಒಂದು ಭಾನುವಾರದಲ್ಲಿ ಅಷ್ಟು ಆಗಿಯೂ ಬಿಡುತ್ತದೆ. ಪರದೆಯ ಮೇಲೆ ಮೊದಲ ಮೊತ್ತ ಮೂಡಿದಾಗಿನ ಖುಷಿ ಸುಳ್ಳಲ್ಲ. ಸಂಜೆ ಹೊತ್ತಿಗೆ ಮುಕ್ಕಾಲು ಪಾಲು ಮುಗಿಯಿತು ಅನಿಸುತ್ತದೆ.

ಆಮೇಲೆ ಒಂದೊಂದೇ ಬರುತ್ತವೆ. ತಪ್ಪಾಗಿ ಹಾಕಿದ ಮೊತ್ತವನ್ನು ತಿದ್ದುವುದು ಹೇಗೆ? ಒಂದು ಸಾಲು ಅಳಿಸಿದರೆ ಒಟ್ಟು ಮೊತ್ತ ತಾನಾಗಿ ಬದಲಾಗಬೇಕಲ್ಲ? ನಿನ್ನೆಯ ಖರ್ಚನ್ನು ಇವತ್ತು ಬರೆದರೆ ಯಾವ ತಾರೀಕು? ಅಂಕಿ ಇರಬೇಕಾದ ಕಡೆ ಕೈತಪ್ಪಿ ಅಕ್ಷರ ಬಿದ್ದರೆ? ಗೆಳೆಯರು ಹಿಂದಿರುಗಿಸಿದ ಸಾಲ ಆದಾಯವೋ, ಅಲ್ಲವೋ? ಫೋನ್ ಬದಲಾಯಿಸಿದರೆ ಹಳೆಯ ಲೆಕ್ಕವೆಲ್ಲ ಎಲ್ಲಿಗೆ ಹೋಗುತ್ತದೆ? ಇವುಗಳಲ್ಲಿ ಒಂದೂ ಮೊದಲ ದಿನದ ಚಿತ್ರದಲ್ಲಿ ಇರಲಿಲ್ಲ. ಮಾಡಿದರೆ ಕಣ್ಣಿಗೆ ಹೊಸದೇನೂ ಕಾಣುವುದಿಲ್ಲ, ಮಾಡದಿದ್ದರೆ ಆ್ಯಪ್ ಬಳಸಲು ಬರುವುದಿಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದಲ್ಲಿದ್ದ ಟಾಮ್ ಕಾರ್ಗಿಲ್ ಅವರ ಹೆಸರಿನಲ್ಲಿ ಪ್ರೋಗ್ರಾಮರುಗಳ ನಡುವೆ ಒಂದು ತಮಾಷೆಯ ಲೆಕ್ಕ ಓಡಾಡುತ್ತದೆ: ಮೊದಲ ಶೇ. 90ರಷ್ಟು ಕೆಲಸ ಶೇ. 90ರಷ್ಟು ಸಮಯ ತಿನ್ನುತ್ತದೆ, ಉಳಿದ ಶೇ. 10 ಇನ್ನೊಂದು ಶೇ. 90ರಷ್ಟು ಸಮಯ ತಿನ್ನುತ್ತದೆ. ಒಟ್ಟು ಶೇ. 180 ಆಯಿತಲ್ಲ ಎಂದರೆ, ಆಗುವುದೇ ಹಾಗೆ.

ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್‌ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಇದಕ್ಕೆ ‘ಪ್ಲಾನಿಂಗ್ ಫಾಲಸಿ’ ಎಂದು ಹೆಸರಿಟ್ಟರು. ಅಂದಾಜಿನ ಭ್ರಮೆ ಎಂದುಕೊಳ್ಳಿ. ಇದನ್ನು ಅಳೆದು ತೋರಿಸಿದ್ದು 1994ರಲ್ಲಿ ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್ ಮತ್ತು ಮೈಕಲ್ ರಾಸ್. ಪ್ರಬಂಧ ಬರೆಯುತ್ತಿದ್ದ ಮನೋವಿಜ್ಞಾನ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಅವರು ಹೇಳಿದ ದಿನಗಳ ಸರಾಸರಿ 33.9. ಎಲ್ಲವೂ ಕೈಕೊಟ್ಟು ಹೋದರೆ ಎಷ್ಟು ದಿನ ಎಂದು ಕೇಳಿದ್ದಕ್ಕೆ ಬಂದ ಉತ್ತರದ ಸರಾಸರಿ 48.6. ನಿಜಕ್ಕೂ ಹಿಡಿದದ್ದು 55.5 ದಿನ. ತಾವೇ ಹೇಳಿದ ದಿನದೊಳಗೆ ಮುಗಿಸಿದವರು ಸುಮಾರು ಶೇ. 30 ಮಾತ್ರ. ಇದರಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ನಡುವಿನ ಅಂಕಿ. ಅತಿ ಕೆಟ್ಟದ್ದನ್ನು ಊಹಿಸಿ ಎಂದು ಕೇಳಿಕೊಂಡರೂ ಊಹೆ ವಾಸ್ತವದಷ್ಟು ಕೆಡಲಿಲ್ಲ.

ಅದೇ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿಯೂ ಹೊರಬಂತು. ಬೇರೆಯವರು ಎಷ್ಟು ದಿನದಲ್ಲಿ ಮುಗಿಸಬಹುದು ಎಂದು ಹೇಳುವಾಗ ಜನ ಇಷ್ಟು ಆಶಾವಾದಿಗಳಾಗಿರಲಿಲ್ಲ. ಬೇರೆಯವರ ಕೆಲಸವನ್ನು ಅಳೆಯುವಾಗ ನಮ್ಮ ಕಣ್ಣು ಅವರ ಚರಿತ್ರೆಯ ಮೇಲೆ ಬೀಳುತ್ತದೆ: ಕಳೆದ ಸಲ ಎಷ್ಟು ತಡ ಮಾಡಿದ್ದರು, ಅದರ ಹಿಂದಿನ ಸಲ ಏನಾಗಿತ್ತು. ನಮ್ಮ ಕೆಲಸವನ್ನು ಅಳೆಯುವಾಗ ಮಾತ್ರ ಕಥೆ ಕಟ್ಟಿಕೊಳ್ಳುತ್ತೇವೆ: ಮೊದಲು ಇದು ಮಾಡುತ್ತೇನೆ, ಆಮೇಲೆ ಅದು, ಕೊನೆಗೆ ಇದು, ಮುಗಿಯಿತು. ಕಥೆಯಲ್ಲಿ ಜ್ವರ ಬರುವುದಿಲ್ಲ, ನೆಂಟರು ಬರುವುದಿಲ್ಲ, ಉಣ್ಣೆಯ ದಾರ ಅರ್ಧದಲ್ಲಿ ಖಾಲಿಯಾಗಿ ಅದೇ ಬಣ್ಣ ಅಂಗಡಿಯಲ್ಲಿ ಸಿಗದೆ ಹೋಗುವುದಿಲ್ಲ.

ಇದು ದಡ್ಡರಿಗಷ್ಟೇ ಆಗುವ ಭ್ರಮೆ ಎಂದುಕೊಂಡಿದ್ದರೆ ಡೊನಾಲ್ಡ್ ಕ್ನೂತ್ ಅವರನ್ನು ನೋಡಿ. ಕಂಪ್ಯೂಟರ್ ವಿಜ್ಞಾನದಲ್ಲಿ ಅವರಷ್ಟು ಕರಾರುವಾಕ್ಕಾದ ತಲೆಗಳು ಕಡಿಮೆ. ಪ್ರೋಗ್ರಾಮಿಂಗ್ ಬಗೆಗಿನ ತಮ್ಮ ಹಲವು ಸಂಪುಟಗಳ ಗ್ರಂಥವನ್ನು ಅವರು ಶುರು ಮಾಡಿದ್ದು 1962ರಲ್ಲಿ. 1977ರಲ್ಲಿ ಅದರ ಒಂದು ಸಂಪುಟದ ಹೊಸ ಆವೃತ್ತಿಯ ಅಚ್ಚಿನ ಕರಡು ಕೈಗೆ ಬಂದಾಗ ಅಕ್ಷರಗಳ ಅಂದ ಸರಿಯಿಲ್ಲ ಅನಿಸಿತು. ಗಣಿತದ ಬರಹವನ್ನು ಚೆನ್ನಾಗಿ ಜೋಡಿಸುವ ಒಂದು ಸಾಫ್ಟ್‌ವೇರನ್ನು ತಾವೇ ಬರೆದುಬಿಡೋಣ ಎಂದು ಹೊರಟರು. 1978ರ ಅಧ್ಯಯನ ರಜೆಯಲ್ಲಿ ಮುಗಿಸುವ ಲೆಕ್ಕಾಚಾರ. ‘ಟೆಕ್’ ಎಂಬ ಆ ಸಾಫ್ಟ್‌ವೇರ್ ಒಂದು ಸ್ಥಿರ ರೂಪಕ್ಕೆ ಬಂದು ನಿಂತದ್ದು 1989ರಲ್ಲಿ. ಗಣಿತದ ಪ್ರಬಂಧಗಳನ್ನು ಇಂದಿಗೂ ಜಗತ್ತಿನಾದ್ಯಂತ ಅದರಲ್ಲೇ ಜೋಡಿಸುತ್ತಾರೆ. ಮೂಲ ಗ್ರಂಥದ ಸಂಪುಟಗಳು ಇನ್ನೂ ಬಾಕಿ ಇವೆ. ದೊಡ್ಡ ಕೆಲಸದ ನಡುವೆ ಹುಟ್ಟಿದ ಚಿಕ್ಕ ಕೆಲಸ ದೊಡ್ಡದನ್ನು ನುಂಗುವುದು ಹೀಗೆ. ಕ್ನೂತ್ ಅವರ ವಿಷಯದಲ್ಲಿ ಜಗತ್ತಿಗೆ ಲಾಭವೇ ಆಯಿತು. ಪುಸ್ತಕದ ಕಪಾಟು ಮಾಡಲು ಹೊರಟು, ಮೊದಲು ಒಂದು ಒಳ್ಳೆಯ ವರ್ಕ್‌ಬೆಂಚ್ ಬೇಕು ಎಂದು ಅದಕ್ಕೆ ಇಳಿದವರಿಗೆ ಆ ಸಮಾಧಾನವೂ ಇರುವುದಿಲ್ಲ.

ಅಂದಾಜು ತಪ್ಪಿದ್ದರಿಂದ ಹವ್ಯಾಸಕ್ಕೆ ಆಗುವ ನಷ್ಟ ಬರೀ ತಡವಾಗುವುದಲ್ಲ. ಹತ್ತು ದಿನಕ್ಕೆ ಸಾಕಾಗುವಷ್ಟು ಉತ್ಸಾಹ ಇಟ್ಟುಕೊಂಡು ಹೊರಟವರಿಗೆ ಹತ್ತನೇ ದಿನ ಕೆಲಸ ಅರ್ಧ ಮಾತ್ರ ಆಗಿರುತ್ತದೆ. ಆಗ ‘ನನ್ನ ಅಂದಾಜು ತಪ್ಪು’ ಎಂದು ಯಾರಿಗೂ ಹೊಳೆಯುವುದಿಲ್ಲ. ‘ಇದು ನನ್ನ ಕೈಲಾಗುವ ಕೆಲಸವಲ್ಲ’ ಎಂದೇ ಅನಿಸುವುದು.

ಕಲಿಕೆ ನಿಂತಂತೆ ಕಾಣುವ ಕಾಲ

ಗಿಟಾರಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಮುಗಿಯಬೇಕಾದ ವಸ್ತುವೇ ಇಲ್ಲ, ಇರುವುದು ಕಲಿಕೆ. ಮೊದಲ ಕೆಲವು ವಾರ ದಿನದಿಂದ ದಿನಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ. ಆಮೇಲೆ ಎಷ್ಟು ನುಡಿಸಿದರೂ ಅಲ್ಲೇ ಇದ್ದಂತೆ. ವಿಲಿಯಂ ಬ್ರಯಾನ್ ಮತ್ತು ನೋಬಲ್ ಹಾರ್ಟರ್ ಎಂಬಿಬ್ಬರು 1897ರಲ್ಲೇ ಇದನ್ನು ಗೆರೆ ಎಳೆದು ತೋರಿಸಿದ್ದರು. ಅವರು ನೋಡಿದ್ದು ಟೆಲಿಗ್ರಾಫ್ ಕಲಿಯುತ್ತಿದ್ದವರನ್ನು. ಸಂದೇಶ ಕಳಿಸುವ ವೇಗ ಒಂದೇ ಸಮನೆ ಏರುತ್ತ ಹೋಯಿತು. ಕಟ್ಟಕಡ ಸದ್ದು ಕೇಳಿಸಿಕೊಂಡು ಬರೆದುಕೊಳ್ಳುವ ವೇಗ ಮಾತ್ರ ಒಂದು ಹಂತ ತಲುಪಿ ವಾರಗಟ್ಟಲೆ ಅಲ್ಲೇ ನಿಂತಿತು, ಆಮೇಲೆ ಮತ್ತೆ ಏರಿತು.

ಅವರು ಕೊಟ್ಟ ಕಾರಣ ಇದು: ಮೊದಲು ಕಿವಿ ಒಂದೊಂದೇ ಅಕ್ಷರ ಹಿಡಿಯುತ್ತದೆ. ಅಕ್ಷರ ಹಿಡಿಯುವುದು ಯೋಚನೆಯ ಹಂಗಿಲ್ಲದೆ ನಡೆಯುವಷ್ಟು ರೂಢಿಯಾಗುವವರೆಗೆ ಇಡೀ ಪದವನ್ನು ಒಟ್ಟಿಗೆ ಹಿಡಿಯಲು ಬರುವುದಿಲ್ಲ. ಪದ ರೂಢಿಯಾಗುವವರೆಗೆ ವಾಕ್ಯ ಹಿಡಿಯಲು ಬರುವುದಿಲ್ಲ. ಗ್ರಾಫಿನಲ್ಲಿ ಸಪಾಟಾಗಿ ಕಾಣುವ ಆ ಕಾಲದಲ್ಲಿ ಒಳಗೆ ಈ ರೂಢಿ ಕೂಡುತ್ತಿರುತ್ತದೆ ಎಂಬುದು ಅವರ ವಾದ. ಎಲ್ಲ ಕಲಿಕೆಯಲ್ಲೂ ಇಂಥ ಸಪಾಟು ಬಂದೇ ಬರುತ್ತದೆಯೇ ಎಂಬ ಬಗ್ಗೆ ಆಮೇಲೆ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಭಾಷೆ, ಚೆಸ್, ಈಜು, ವಾದ್ಯ ಯಾವುದನ್ನೇ ಕಲಿತವರಿಗೂ ಆ ಕಾಲದ ಪರಿಚಯ ಇದ್ದೇ ಇರುತ್ತದೆ. ಹೆಚ್ಚಿನವರು ಬಿಡುವುದೂ ಅಲ್ಲೇ. ಅಭ್ಯಾಸಕ್ಕೆ ತಕ್ಕ ಫಲ ಕಾಣುತ್ತಿಲ್ಲ ಎಂದರೆ ಬಿಡುವುದು ತರ್ಕಬದ್ಧ ತೀರ್ಮಾನವೇ, ಕೈಯಲ್ಲಿರುವ ಮಾಹಿತಿ ಸಾಲದು ಅಷ್ಟೆ.

ಮುಂಗಡವಾಗಿ ಸಿಕ್ಕ ಸಂತೋಷ

ಇನ್ನೊಂದು ಕಾರಣವನ್ನು ಒಪ್ಪಿಕೊಳ್ಳಲು ಸ್ವಲ್ಪ ಮುಜುಗರವಾಗುತ್ತದೆ. ಎಷ್ಟೋ ಹವ್ಯಾಸಗಳಲ್ಲಿ ನಮಗೆ ಬೇಕಾಗಿದ್ದ ಸುಖ ಸಾಮಾನು ಕೊಂಡಾಗಲೇ ಸಿಕ್ಕಿರುತ್ತದೆ. ಬಣ್ಣದ ಟ್ಯೂಬುಗಳು, ಹೊಸ ಕುಂಚಗಳು, ಇನ್ನೂ ಗೆರೆ ಬೀಳದ ದಪ್ಪ ಹಾಳೆಯ ಪುಸ್ತಕ. ಅವುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟ ಹೊತ್ತಿನಲ್ಲಿ ನಾವು ಚಿತ್ರಕಾರರೇ. ಮೆದುಳಿನ ಡೋಪಮೈನ್ ಎಂಬ ರಾಸಾಯನಿಕದ ಬಗ್ಗೆ ಬರುವ ಮಾತುಗಳಲ್ಲಿ ಅತಿರೇಕವೇ ಹೆಚ್ಚು, ಆದರೂ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗ ಇಲ್ಲಿ ನೆನೆಯುವಂಥದ್ದು. ಹಣ್ಣಿನ ರಸ ಸಿಗುವ ಮುನ್ನ ಪ್ರತಿಸಲವೂ ಒಂದು ಸೂಚನೆ ಕೊಡುತ್ತ ಬಂದಾಗ, ಡೋಪಮೈನ್ ಕೋಶಗಳು ರಸ ಸಿಕ್ಕಾಗ ಚುರುಕಾಗುವುದನ್ನು ಬಿಟ್ಟು ಸೂಚನೆ ಬಂದಾಗಲೇ ಚುರುಕಾಗತೊಡಗಿದವು. ಖಾತ್ರಿಯಾದ ಫಲಕ್ಕಿಂತ ಫಲ ಬರಲಿದೆ ಎಂಬ ಹೊಸ ಸುದ್ದಿಗೇ ಅಲ್ಲಿ ಬೆಲೆ.

ಎಲ್ಲರಿಗೂ ಹೇಳಿಕೊಂಡು ತಿರುಗುವುದರಲ್ಲೂ ಇದೇ ಅಪಾಯ. ಪೀಟರ್ ಗಾಲ್‌ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಳ್ಳೆಯ ವಕೀಲರಾಗುವ ಹಂಬಲವಿದ್ದ ವಿದ್ಯಾರ್ಥಿಗಳ ಸಂಕಲ್ಪವನ್ನು ಬೇರೊಬ್ಬರು ಗಮನಿಸಿದ್ದೇ ತಡ, ಅವರು ಆ ದಿಕ್ಕಿನಲ್ಲಿ ಹಾಕಿದ ಶ್ರಮ ಕಡಿಮೆಯಾಯಿತು. ಹೇಳಿಕೊಂಡದ್ದರಲ್ಲೇ ಆಗಿಬಿಟ್ಟಂತೆ ಅನಿಸುತ್ತದೆ ಎಂಬುದು ವಿವರಣೆ. ಸಣ್ಣ ಪ್ರಯೋಗಗಳು, ಇವುಗಳ ಮೇಲೆ ದೊಡ್ಡ ಮನೆ ಕಟ್ಟಬಾರದು. ಆದರೆ ‘ಕಾದಂಬರಿ ಬರೀತಿದೀನಿ’ ಎಂದು ಸಿಕ್ಕಸಿಕ್ಕವರಿಗೆ ಹೇಳುವವರನ್ನು ಕಂಡವರಿಗೆ ನಂಬುವುದು ಕಷ್ಟವಲ್ಲ.

ಚೆನ್ನಾಗಿ ನಡೆಯುತ್ತಿರುವ ಹವ್ಯಾಸ ಕೆಡುವುದಕ್ಕೂ ಒಂದು ದಾರಿಯಿದೆ. ‘ಇಷ್ಟು ಚೆನ್ನಾಗಿ ಮಾಡ್ತೀಯಲ್ಲ, ಮಾರಬಾರದಾ?’ ಎಂದು ಯಾರೋ ಕೇಳುತ್ತಾರೆ. ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ನರ್ಸರಿ ಮಕ್ಕಳ ಮೇಲೆ ನಡೆದದ್ದು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳು ಅವರು. ಕೆಲವರಿಗೆ ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ ಎಂದು ಮುಂಚೆಯೇ ಹೇಳಿ ಕೊಟ್ಟರು. ಕೆಲವರಿಗೆ ಮೊದಲು ಹೇಳದೆ ಆಮೇಲೆ ಕೊಟ್ಟರು, ಕೆಲವರಿಗೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ, ಬಹುಮಾನದ ಮಾತು ಕೇಳಿ ಬಿಡಿಸಿದ್ದ ಮಕ್ಕಳು ಬಿಡುವಿನ ವೇಳೆಯಲ್ಲಿ ಪೆನ್ನು ಹಿಡಿದದ್ದು ಉಳಿದವರ ಅರ್ಧದಷ್ಟು ಹೊತ್ತು. ಹೇಳದೆ ಕೊಟ್ಟ ಬಹುಮಾನದಿಂದ ಏನೂ ಕೆಡಲಿಲ್ಲ. ಹಣ ಬಂದರೆ ಹವ್ಯಾಸ ಸತ್ತೇ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ, ಹವ್ಯಾಸವನ್ನೇ ಕಸುಬು ಮಾಡಿಕೊಂಡು ಸುಖವಾಗಿರುವವರು ಬೇಕಾದಷ್ಟಿದ್ದಾರೆ. ಯಾತಕ್ಕಾಗಿ ಮಾಡುತ್ತಿದ್ದೆವು ಎಂಬುದು ಒಳಗೊಳಗೇ ಬದಲಾಗಿಬಿಟ್ಟರೆ, ಆರ್ಡರ್ ನಿಂತ ದಿನ ಸೂಜಿಯೂ ನಿಲ್ಲುತ್ತದೆ.

ಅಭಿಪ್ರಾಯಗಳಿಗೂ ಇದೇ ಗತಿ

ಬಂದುಹೋಗುವ ಅಭಿಪ್ರಾಯಗಳೂ ಅರ್ಧಕ್ಕೆ ನಿಂತ ಕೆಲಸಗಳೇ ಎಂದು ನನಗೆ ಅನಿಸುತ್ತದೆ. ಕೆಲಸವಾದರೆ ಕಪಾಟಿನಲ್ಲಿ ಕೂತು ಕಣ್ಣಿಗೆ ಚುಚ್ಚುತ್ತದೆ. ಅಭಿಪ್ರಾಯ ಜಾಗ ತಿನ್ನುವುದಿಲ್ಲ, ಹಾಗಾಗಿ ಅರ್ಧಕ್ಕೆ ನಿಂತಿದೆ ಎಂದು ಗೊತ್ತೇ ಆಗುವುದಿಲ್ಲ.

ಜಿಪ್ ಹೇಗೆ ಕೆಲಸ ಮಾಡುತ್ತದೆ ಎಂದು ನಿಮಗೆ ಗೊತ್ತೇ? ಗೊತ್ತು ಎನ್ನುತ್ತೀರಿ, ದಿನಾ ಎಳೆಯುತ್ತೇವಲ್ಲ. ಸರಿ, ವಿವರಿಸಿ. ಎರಡು ಸಾಲು ಹಲ್ಲುಗಳಿವೆ, ನಡುವಿನ ಗುಂಡಿ ಮೇಲೆ ಹೋದರೆ ಅವು ಕೂಡಿಕೊಳ್ಳುತ್ತವೆ. ಯಾಕೆ ಕೂಡಿಕೊಳ್ಳುತ್ತವೆ? ಅಷ್ಟು ಗಟ್ಟಿಯಾಗಿ ಹಿಡಿದದ್ದು ಅಡ್ಡಕ್ಕೆ ಎಳೆದರೆ ಬಿಡದು, ಅದೇ ಗುಂಡಿ ಕೆಳಗಿಳಿದರೆ ಮಾತ್ರ ಸಲೀಸಾಗಿ ಬಿಡುತ್ತದೆ, ಹೇಗೆ? ಪ್ರತಿ ಹಲ್ಲಿನ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಗುಳಿ ಇರುತ್ತದೆ. ಗುಂಡಿಯ ಒಳದಾರಿ ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದ್ದು. ಮೇಲೆ ಹೋಗುವಾಗ ಅದು ಎರಡೂ ಸಾಲನ್ನು ತಕ್ಕ ಕೋನದಲ್ಲಿ ಬಾಗಿಸಿ, ಒಂದರ ಉಬ್ಬು ಇನ್ನೊಂದರ ಗುಳಿಗೆ ಸೇರುವಂತೆ ತರುತ್ತದೆ. ಕೆಳಗಿಳಿಯುವಾಗ ಒಳದಾರಿ ಕವಲೊಡೆಯುವ ಜಾಗದ ಬೆಣೆ ಹಲ್ಲುಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಇಷ್ಟನ್ನು ಮೊದಲೇ ಹೇಳಬಲ್ಲವರು ಬಹಳ ಇರಲಿಕ್ಕಿಲ್ಲ.

ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಿಪ್, ಹೊಲಿಗೆ ಯಂತ್ರ, ಫ್ಲಷ್, ಬೀಗ ಇಂಥ ವಸ್ತುಗಳ ಬಗ್ಗೆಯೇ ಕೇಳಿದ್ದರು. ಎಷ್ಟು ಗೊತ್ತು ಎಂದು ಜನ ತಮಗೆ ತಾವೇ ಅಂಕ ಕೊಟ್ಟುಕೊಂಡರು. ಆಮೇಲೆ ಹಂತಹಂತವಾಗಿ ವಿವರಿಸಿ ಬರೆಯಲು ಹೇಳಿದರು. ಬರೆದಾದ ಮೇಲೆ ಅದೇ ಜನ ತಮ್ಮ ಅಂಕವನ್ನು ತಾವೇ ಇಳಿಸಿಕೊಂಡರು. ಆ್ಯಪ್ ಮುಕ್ಕಾಲು ಪಾಲು ಮುಗಿಯಿತು ಎನ್ನುವ ಭಾವನೆಯೂ ಜಿಪ್ ಗೊತ್ತು ಎನ್ನುವ ಭಾವನೆಯೂ ಒಂದೇ ಜಾಗದಲ್ಲಿ ಹುಟ್ಟುತ್ತವೆ. ಎರಡರಲ್ಲೂ ಹೊರಗಿನ ಗೆರೆ ಕಂಡದ್ದನ್ನೇ ಒಳಗಿನ ವಿವರವೂ ಗೊತ್ತಾಯಿತು ಎಂದು ಎಣಿಸಿರುತ್ತೇವೆ.

ಇನ್ನು ಅಭಿಪ್ರಾಯ ಹುಟ್ಟಲು ವಸ್ತುವೇ ಬೇಕಿಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಜಾರ್ಜ್ ಬಿಷಪ್ ಮತ್ತು ಸಹೋದ್ಯೋಗಿಗಳು ‘1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆ’ಯನ್ನು ರದ್ದು ಮಾಡಬೇಕೇ ಎಂದು ಜನರನ್ನು ಕೇಳಿದರು. ಸುಮಾರು ಮೂರನೇ ಒಂದು ಭಾಗ ಜನ ಬೇಕು ಅಥವಾ ಬೇಡ ಎಂದು ಉತ್ತರಿಸಿದರು. ಅಂಥ ಕಾಯ್ದೆಯೇ ಇರಲಿಲ್ಲ. ಅವರೆಲ್ಲ ಸುಳ್ಳು ಹೇಳಿದರು ಎನ್ನಲಾಗದು. ಕೇಳಿದವರಿಗೆ ಏನೋ ಒಂದು ಉತ್ತರ ಕೊಡುವುದು ಸೌಜನ್ಯ ಎಂದು ಆ ಕ್ಷಣಕ್ಕೆ ಹೊಳೆದದ್ದನ್ನು ಹೇಳಿರುತ್ತಾರೆ. ಇದಕ್ಕೂ ಮುಂಚೆ, 1964ರಲ್ಲಿ ಫಿಲಿಪ್ ಕಾನ್‌ವರ್ಸ್ ಎಂಬ ರಾಜಕೀಯ ವಿಜ್ಞಾನಿ, 1956, 1958 ಮತ್ತು 1960ರಲ್ಲಿ ಅದೇ ಜನರಿಗೆ ಅದೇ ಪ್ರಶ್ನೆ ಕೇಳಿ ಪಡೆದ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರು. ಕೆಲವು ಪ್ರಶ್ನೆಗಳಲ್ಲಿ ಬಹಳ ಜನರ ಉತ್ತರ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಬೇರೆಯಾಗಿರಲಿಲ್ಲ. ಅಭಿಪ್ರಾಯ ಬದಲಾಯಿತು ಎನ್ನಲು ಮೊದಲು ಅಭಿಪ್ರಾಯ ಇರಬೇಕಲ್ಲ.

ಹಾಗಾದರೆ ವಿವರಿಸಲು ಕೇಳಿದರೆ ಜನ ತಮ್ಮ ಅಭಿಪ್ರಾಯ ಸಡಿಲಿಸುತ್ತಾರೆಯೇ? 2013ರಲ್ಲಿ ಫಿಲಿಪ್ ಫರ್ನ್‌ಬಾಕ್ ಮತ್ತು ಸಂಗಡಿಗರು ಹೌದು ಎಂದರು: ಸರ್ಕಾರದ ಒಂದು ನೀತಿ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳಲು ಕೇಳಿದಾಗ ಪರ ವಿರೋಧಗಳ ಕಾವು ಕಡಿಮೆಯಾಯಿತು. ಈ ಸುದ್ದಿ ಬಹಳ ಕಡೆ ಹರಡಿತು, ಕೇಳಲು ಹಿತವಾಗಿತ್ತು. 2021ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ, ತಮಗೆ ಅಷ್ಟು ಗೊತ್ತಿಲ್ಲ ಎಂದು ಜನ ಒಪ್ಪಿಕೊಂಡರು ನಿಜ, ಅಭಿಪ್ರಾಯ ಮಾತ್ರ ಇದ್ದಲ್ಲೇ ಇತ್ತು. ನನಗೆ ಮೊದಲನೆಯದಕ್ಕಿಂತ ಇದೇ ಹೆಚ್ಚು ಮನುಷ್ಯಸಹಜವಾಗಿ ಕಾಣುತ್ತದೆ. ನೂರೆಂಟು ತಕರಾರು ಎತ್ತಿದರೂ ಅರ್ಧ ಹೆಣೆದ ಸ್ವೆಟರನ್ನು ಎಸೆಯಲು ಯಾರೂ ಒಪ್ಪುವುದಿಲ್ಲವಲ್ಲ, ಹಾಗೆ.

ಮುಗಿಯದೆ ಉಳಿದದ್ದು ಮನಸ್ಸಿನಲ್ಲಿ

ಈ ವಿಷಯ ಬಂದಾಗಲೆಲ್ಲ ಬ್ಲೂಮಾ ಝೈಗಾರ್ನಿಕ್ ಅವರ ಹೆಸರು ಬರುತ್ತದೆ. ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ ಅವರ ವಿದ್ಯಾರ್ಥಿನಿಯಾಗಿದ್ದ ಅವರು 1927ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಣಿ ಪೋಣಿಸುವುದು, ಜೇಡಿಮಣ್ಣಿನ ಬೊಂಬೆ ಮಾಡುವುದು, ಒಗಟು ಬಿಡಿಸುವುದು ಇಂಥ ಚಿಕ್ಕಪುಟ್ಟ ಕೆಲಸಗಳನ್ನು ಜನರಿಗೆ ಕೊಟ್ಟರು. ಅರ್ಧದಷ್ಟನ್ನು ಮುಗಿಸಲು ಬಿಟ್ಟರು, ಇನ್ನರ್ಧವನ್ನು ನಡುವೆ ತಡೆದರು. ಆಮೇಲೆ ನೆನಪಿರುವುದನ್ನು ಹೇಳಿ ಎಂದಾಗ ತಡೆದ ಕೆಲಸಗಳೇ ಹೆಚ್ಚುಕಡಿಮೆ ಎರಡು ಪಟ್ಟು ನೆನಪಿಗೆ ಬಂದವು. ಮುಗಿಯದ ಕೆಲಸ ಮನಸ್ಸನ್ನು ಕೊರೆಯುತ್ತದೆ ಎಂಬ ಮಾತಿಗೆ ಇದೇ ಆಧಾರ ಎಂದು ಎಲ್ಲೆಲ್ಲೂ ಬರೆದಿರುತ್ತಾರೆ. ಆದರೆ ಮುಂದೆ ಬಂದ ಪ್ರಯೋಗಗಳಲ್ಲಿ ಈ ನೆನಪಿನ ಫಲಿತಾಂಶ ಒಂದೇ ರೀತಿ ಬರಲಿಲ್ಲ. ಅದಕ್ಕಿಂತ ಗಟ್ಟಿಯಾಗಿ ನಿಂತದ್ದು ಅವರ ಜೊತೆಯಲ್ಲೇ ಇದ್ದ ಮರಿಯಾ ಒವ್ಸಿಯಾಂಕಿನಾ 1928ರಲ್ಲಿ ತೋರಿಸಿದ್ದು: ತಡೆದ ಕೆಲಸವನ್ನು ಜನ ಯಾರೂ ಹೇಳದಿದ್ದರೂ ಮತ್ತೆ ಕೈಗೆತ್ತಿಕೊಳ್ಳಲು ನೋಡುತ್ತಾರೆ. ಜನರ ಬಾಯಲ್ಲಿ ಮಾತ್ರ ಝೈಗಾರ್ನಿಕ್ ಅವರ ಹೆಸರೇ ಉಳಿಯಿತು.

ಕೊರೆತ ನಿಲ್ಲಲು ಕೆಲಸ ಮುಗಿಯಲೇಬೇಕು ಎಂದಿಲ್ಲ. ಇ. ಜೆ. ಮಸಿಕಾಂಪೊ ಮತ್ತು ರಾಯ್ ಬೌಮೈಸ್ಟರ್ 2011ರಲ್ಲಿ ತೋರಿಸಿದ ಹಾಗೆ, ಬಾಕಿ ಇರುವುದನ್ನು ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಬರೆದುಕೊಂಡವರಿಗೆ ಅದು ಮಧ್ಯೆ ಮಧ್ಯೆ ತಲೆಗೆ ಬರುವುದು ಕಡಿಮೆಯಾಯಿತು. ‘ಸಮಯ ಸಿಕ್ಕಾಗ ಮಾಡೋಣ’ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಅದು ಯೋಜನೆಯಲ್ಲ, ಯೋಜನೆಯ ಮುಂದೂಡಿಕೆ.

ಎಲ್ಲವನ್ನೂ ಮುಗಿಸಬೇಕು ಎಂಬ ಹಟವೂ ಬೇಡ. ವಿರಾಮದ ಬಗ್ಗೆ ದಶಕಗಟ್ಟಲೆ ಬರೆದ ರಾಬರ್ಟ್ ಸ್ಟೆಬಿನ್ಸ್ ಎಂಬ ಸಮಾಜವಿಜ್ಞಾನಿ ಹವ್ಯಾಸಗಳಲ್ಲೂ ಜಾತಿಭೇದ ಗುರುತಿಸಿದ್ದಾರೆ. ವರ್ಷಗಟ್ಟಲೆ ಕಲಿತು ಕೌಶಲ ಬೆಳೆಸಿಕೊಳ್ಳುವಂಥದ್ದು ಒಂದು, ಆ ಹೊತ್ತಿನ ಖುಷಿಗೆ ಮಾಡಿ ಮರೆಯುವಂಥದ್ದು ಇನ್ನೊಂದು, ಒಂದೇ ಸಲಕ್ಕೆ ಮಾಡಿ ಮುಗಿಸುವ ಪ್ರಾಜೆಕ್ಟ್ ಮಗದೊಂದು. ಎರಡನೆಯದನ್ನು ಮೊದಲನೆಯದರ ಅಳತೆಗೋಲಿನಲ್ಲಿ ಅಳೆದರೆ ಇಲ್ಲದ ಸೋಲು ಕಾಣಿಸುತ್ತದೆ. ನಾಲ್ಕು ದಿನ ಕಾಗದ ಮಡಚಿ ಕೊಕ್ಕರೆ ಮಾಡಿ ಬಿಟ್ಟವರು ಏನನ್ನೂ ಅರ್ಧಕ್ಕೆ ಬಿಟ್ಟಿಲ್ಲ, ಅದು ನಾಲ್ಕು ದಿನದ ಖುಷಿಯೇ ಆಗಿತ್ತು. ಹಾಗೆಯೇ, ಇಷ್ಟು ದುಡ್ಡು ಹಾಕಿದ್ದೇನಲ್ಲ ಎಂಬ ಒಂದೇ ಕಾರಣಕ್ಕೆ ಬೇಡವಾದದ್ದನ್ನು ಎಳೆದಾಡುವುದೂ ಸಲ್ಲದು. ಹ್ಯಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಟಕದ ಸೀಸನ್ ಟಿಕೆಟ್ಟಿಗೆ ಪೂರ್ತಿ ಬೆಲೆ ತೆತ್ತವರು ರಿಯಾಯಿತಿಯಲ್ಲಿ ಪಡೆದವರಿಗಿಂತ ಮೊದಲ ಆರು ತಿಂಗಳಲ್ಲಿ ಹೆಚ್ಚು ನಾಟಕ ನೋಡಿದರು. ನಾಟಕಗಳು ಎಲ್ಲರಿಗೂ ಅವೇ, ಕೊಟ್ಟ ದುಡ್ಡು ಮಾತ್ರ ಬೇರೆ.

ಬಿಡುವುದಲ್ಲ, ಮುಂದುವರಿಸುವುದೇ ಎಂದು ತೀರ್ಮಾನಿಸಿದರೆ ಎದುರಾಗುವ ನಿಜವಾದ ಅಡ್ಡಿ ಉತ್ಸಾಹದ್ದಲ್ಲ, ನೆನಪಿನದ್ದು. ಆರು ತಿಂಗಳ ಮೇಲೆ ಸ್ವೆಟರ್ ತೆಗೆದರೆ ಯಾವ ನಂಬರಿನ ಕಡ್ಡಿಯಲ್ಲಿ ಹೆಣೆಯುತ್ತಿದ್ದೆವು, ಎಷ್ಟನೇ ಸಾಲಿನಲ್ಲಿ ವಿನ್ಯಾಸ ತಿರುಗುತ್ತದೆ, ಹೊಲಿಗೆ ಕಡಿಮೆ ಮಾಡಲು ಶುರು ಮಾಡಿದ್ದೆವೋ ಇಲ್ಲವೋ, ಒಂದೂ ಗೊತ್ತಾಗುವುದಿಲ್ಲ. ಕೈಯ ಬಿಗಿಯೂ ಬದಲಾಗಿರುತ್ತದೆ. ಹಳೆಯ ಸಾಲಿನ ಪಕ್ಕದಲ್ಲಿ ಹೊಸ ಸಾಲು ಎದ್ದು ಕಾಣುತ್ತದೆ. ಆ್ಯಪ್ ಬರೆದವರಿಗೆ ತಮ್ಮದೇ ಕೋಡ್ ಬೇರೆ ಯಾರದೋ ಅನಿಸುತ್ತದೆ. ಇದಕ್ಕೆ ಮದ್ದು ತೀರಾ ಸಪ್ಪೆಯದು. ಎದ್ದು ಹೋಗುವ ಮುನ್ನ ಒಂದು ಚೀಟಿ: ಎಲ್ಲಿ ನಿಂತಿದೆ, ಮುಂದಿನ ಒಂದೇ ಒಂದು ಹೆಜ್ಜೆ ಯಾವುದು, ಯಾವ ಸಾಮಾನು ಎಲ್ಲಿದೆ. ಅದನ್ನು ಬೇರೆಲ್ಲೋ ನೋಟ್‌ಬುಕ್ಕಿನಲ್ಲಿ ಬರೆಯದೆ ಸ್ವೆಟರಿಗೇ ಪಿನ್ ಹಾಕಿ ಸಿಕ್ಕಿಸಬೇಕು.

ಇಂಥ ಚೀಟಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಇದ್ದಾರೆ. 1820ರ ದಶಕದಲ್ಲಿ ಲೆಕ್ಕ ಮಾಡುವ ಯಂತ್ರ ಕಟ್ಟಲು ಹೊರಟು, ಬ್ರಿಟಿಷ್ ಸರ್ಕಾರದ ಸುಮಾರು 17,000 ಪೌಂಡ್ ಕರಗಿಸಿ, ನಡುವೆ ಅದಕ್ಕಿಂತ ದೊಡ್ಡ ಯಂತ್ರವೊಂದರ ಯೋಚನೆ ಹೊಳೆದು ಅದರ ಹಿಂದೆ ಬಿದ್ದು, 1842ರಲ್ಲಿ ಸರ್ಕಾರ ಕೈಬಿಟ್ಟ ಮೇಲೆ ಒಂದನ್ನೂ ಪೂರ್ತಿ ಕಟ್ಟದೆ 1871ರಲ್ಲಿ ತೀರಿಕೊಂಡರು. ಅರ್ಧಕ್ಕೆ ನಿಲ್ಲಿಸಿದವರ ಪಟ್ಟಿ ಮಾಡಿದರೆ ಮೊದಲ ಪುಟದಲ್ಲೇ ಬರುವ ಹೆಸರು. ಆದರೆ 1840ರ ದಶಕದ ಕೊನೆಗೆ ಅವರು ‘ಡಿಫರೆನ್ಸ್ ಎಂಜಿನ್ ನಂ. 2’ ಎಂಬ ಸರಳಗೊಳಿಸಿದ ಯಂತ್ರದ ನಕ್ಷೆಗಳನ್ನು ವಿವರವಾಗಿ ಬರೆಸಿಟ್ಟಿದ್ದರು. ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು ಆ ನಕ್ಷೆಗಳನ್ನೇ ಹಿಡಿದು, ಅಲ್ಲಲ್ಲಿ ಕಂಡ ಕೆಲವು ತಪ್ಪುಗಳನ್ನು ತಿದ್ದಿ, ಬ್ಯಾಬೇಜ್ ಹುಟ್ಟಿ 200 ವರ್ಷವಾದ 1991ರಲ್ಲಿ ಯಂತ್ರದ ಲೆಕ್ಕ ಮಾಡುವ ಭಾಗವನ್ನು ಕಟ್ಟಿ ಮುಗಿಸಿದರು. ಅದು ಸರಿಯಾಗಿ ಲೆಕ್ಕ ಮಾಡಿತು. ಮುದ್ರಿಸುವ ಭಾಗ ಆಗಿನ್ನೂ ಬಾಕಿ ಇತ್ತು, ಅದು ಮುಗಿದದ್ದು 2002ರಲ್ಲಿ.